ತಲೆ ಎತ್ತಿದರೆ ಒಂದು ಗುಂಡಿ

ಆಸ್ಪತ್ರೆಯವರು ಚೀಟಿಯಕ್ಕನಿಗೆ ಹನ್ನೊಂದು ಭಾನುವಾರ ಬಾಕಿ ಉಳಿಸಿಕೊಂಡಿದ್ದಾರೆ. ದುಡ್ಡಲ್ಲ, ದಿನ. ವಾರಕ್ಕೊಂದು ರಜೆ ಎಂದು ನೇಮಕದ ಕಾಗದದಲ್ಲಿ ಬರೆದು, ಸಹಿ ಹಾಕಿ, ಆಮೇಲೆ ‘ಈ ವಾರ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ’ ಎಂದು ಒಂದೊಂದಾಗಿ ನುಂಗಿದ ದಿನಗಳು.

ಹೊರರೋಗಿಗಳ ಕೌಂಟರಿನಲ್ಲಿ ಚೀಟಿ ಬರೆಯುವುದು ಅವಳ ಕೆಲಸ. ಗಾಜಿನಲ್ಲಿ ಅಂಗೈಯಗಲದ ತೂತು, ಅದರಾಚೆ ಸಾಲು. ಹೆಸರು, ವಯಸ್ಸು, ಏನು ತೊಂದರೆ, ಯಾವ ಡಾಕ್ಟರು. ಚೀಟಿ ಹರಿ, ಕೊಡು, ಮುಂದಿನವರು ಬನ್ನಿ. ಆರು ವರ್ಷದಿಂದ ಇದೇ ಪಾಡು. ಅವಳು ಗಣಿತದಲ್ಲಿ ಡಿಗ್ರಿ ಮುಗಿಸಿದವಳು ಎಂಬುದು ಸಾಲಿನಲ್ಲಿ ನಿಂತವರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಮ್ಯಾನೇಜರಿಗೆ ನೆನಪಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಸೀಟು. ಶುಲ್ಕವಿಲ್ಲದ ಸೀಟು ನಲವತ್ತು. ಪ್ರವೇಶ ಪರೀಕ್ಷೆಯಲ್ಲಿ ಮೊದಲ ನಲವತ್ತರೊಳಗೆ ಬಂದವರಿಗೆ ಅವು. ನಲವತ್ತೊಂದನೆಯವರಿಂದ ದುಡ್ಡು ಕಟ್ಟಬೇಕು, ಅಷ್ಟು ದುಡ್ಡನ್ನು ಅವಳ ವಂಶದಲ್ಲಿ ಯಾರೂ ಕಣ್ಣಿಂದ ಕಂಡಿಲ್ಲ. ಪರೀಕ್ಷೆ ಬರೆಯಲು ಮೂರೇ ಸಲ ಅವಕಾಶ. ಮೊದಲ ಸಲ ನೂರಾ ಹನ್ನೆರಡನೆಯ ಸ್ಥಾನ ಬಂತು. ಎರಡನೆಯ ಸಲ, ವರ್ಷವಿಡೀ ಓದಿದ ಮೇಲೆ, ಮುನ್ನೂರಾ ಆರು.

‘ಓದಿದಷ್ಟೂ ಹಿಂದಕ್ಕೆ ಹೋಗ್ತಿದೀನಲ್ಲೋ’ ಎಂದು ಉತ್ತರ ಪತ್ರಿಕೆಯ ನಕಲನ್ನು ಲ್ಯಾಬಿನವನ ಮೇಜಿನ ಮೇಲೆ ಎಸೆದಳು. ಲ್ಯಾಬಿನವನು ಅದೇ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವವನು. ಅವಳಿಗಿಂತ ಎರಡು ವರ್ಷ ಚಿಕ್ಕವನು, ಬಾಯಿ ಮಾತ್ರ ಇಪ್ಪತ್ತು ವರ್ಷ ದೊಡ್ಡದು. ರಕ್ತದ ವರದಿ ನೋಡುವ ಹಾಗೆ ಕೆಂಪು ಪೆನ್ನು ಹಿಡಿದು ಗುರುತು ಹಾಕುತ್ತ ಹೋದ.

‘ಅಕ್ಕಾ, ಒಂದು ಸಾಲಿನ ಲೆಕ್ಕ ಅಷ್ಟೂ ಸರಿ. ಅರ್ಧ ಪುಟ ಇರೋವು ಅಷ್ಟೂ ತಪ್ಪು. ನೀನು ಎಲ್ಲಿ ಕೂತು ಓದ್ತೀಯ?’

‘ಇನ್ನೆಲ್ಲಿ? ಕೌಂಟರಲ್ಲೇ. ಒಬ್ರು ಹೋಗಿ ಇನ್ನೊಬ್ರು ಬರೋ ಮಧ್ಯೆ.’

‘ಸರಿಹೋಯ್ತು! ಮೂರು ಮೂರು ನಿಮಿಷ ಓದೋದನ್ನ ವರ್ಷಗಟ್ಟಲೆ ಅಭ್ಯಾಸ ಮಾಡಿದೀಯ. ನಾಲ್ಕನೇ ನಿಮಿಷಕ್ಕೆ ಯಾರು ಬಂದ್ರು ಅಂತ ನೋಡ್ತೀಯ. ಪರೀಕ್ಷೇಲೂ ನೋಡಿದ್ಯಾ?’

ನೋಡಿದ್ದಳು. ‘ಏನಮ್ಮ, ಏನು ಬೇಕು?’ ಎಂದು ಮೇಲ್ವಿಚಾರಕರು ಮೂರು ಸಲ ಹತ್ತಿರ ಬಂದಿದ್ದರು. ಒಂದು ಸಲವಂತೂ ‘ಹೆಸರು, ವಯಸ್ಸು’ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದುಬಿಟ್ಟಿತ್ತು. ಡ್ರಾಯರಿನಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು, ಸಿಕ್ಕ ಬಿಡುವನ್ನೆಲ್ಲ ಓದಿಗೆ ಹಾಕುತ್ತೇನೆ ಎಂದು ಅವಳು ಒಳಗೊಳಗೇ ಬೀಗಿದ್ದಳಲ್ಲ, ಅದೇ ಅವಳಿಗೆ ಮುಳುವಾಗಿತ್ತು.

ಅವತ್ತಿನಿಂದ ಕೌಂಟರಿನಲ್ಲಿ ಓದು ಬಂದ್. ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಮನೆಯಲ್ಲಿ ಒಂದೇ ಪಟ್ಟಿಗೆ ಓದು. ಮನೆಯೆಂದರೆ ಒಂದು ಕೋಣೆ. ಅದರಲ್ಲಿ ಅರ್ಧ ಜಾಗ ಅಮ್ಮನ ಹೊಲಿಗೆ ಮಿಷನ್ನಿಗೆ. ಕಾರ್ಖಾನೆಯಿಂದ ಬಂದ ಅಂಗಿಗಳಿಗೆ ಕಾಲರು ಹೊಲಿದು, ಗುಂಡಿ ಹಚ್ಚಿ ಕೊಡುವುದು ಅಮ್ಮನ ಕಸುಬು.

‘ಎರಡು ಗಂಟೆ ಮಿಷನ್ ತುಳಿಯಲ್ಲ, ಗುಂಡಿ ಹಚ್ತೀನಿ’ ಎಂದಳು ಅಮ್ಮ. ‘ನೀನು ತಲೆ ಎತ್ತಿದಾಗೆಲ್ಲ ಒಂದು ಗುಂಡಿ ಈ ಬಟ್ಟಲಿಗೆ.’

ಮೊದಲ ಬೆಳಿಗ್ಗೆ ಆರು ನಿಮಿಷವಾಗಿರಲಿಲ್ಲ, ಸ್ಟೀಲಿನ ಬಟ್ಟಲು ಟಣ್ ಎಂದಿತು.

‘ಈಗ ಯಾರು ಬಂದ್ರೇ? ಯಮನಿಗೆ ಚೀಟಿ ಬರೀತಿದೀಯಾ?’

ಮತ್ತೆ ಟಣ್.

‘ಅಮ್ಮಾ, ಅದು ಟಣ್ ಅಂದಿದ್ದಕ್ಕೇ ನಾನು ಎತ್ತಿದ್ದು!’

‘ವಾದ ಮಾಡೋಕೆ ಎತ್ತಿದ್ಯಲ್ಲ, ಅದಕ್ಕಿನ್ನೊಂದು.’

ಅವತ್ತು ಮೂವತ್ತೊಂದು ಗುಂಡಿ ಬಿದ್ದವು. ಮಾರನೆಯ ದಿನ ಅಮ್ಮ ಬಟ್ಟಲಿಗೆ ಚಿಂದಿ ಹಾಸಿದಳು, ಸದ್ದು ನಿಂತಿತು. ಎರಡು ವಾರಕ್ಕೆ ಇಪ್ಪತ್ತೆರಡಾಯಿತು. ತಿಂಗಳಿಗೆ ಹನ್ನೆರಡು. ಮಿಷನ್ ನಿಂತದ್ದಕ್ಕೆ ದಿನಕ್ಕೆ ಎಂಟು ಕಾಲರು ಕಡಿಮೆಯಾದವು, ಅಮ್ಮ ಆ ಸುದ್ದಿ ಎತ್ತಲಿಲ್ಲ. ಎರಡನೆಯ ತಿಂಗಳ ಕೊನೆಗೆ ಬಟ್ಟಲಿನಲ್ಲಿ ಐದೇ ಗುಂಡಿ. ಅರ್ಧ ಪುಟದ ಲೆಕ್ಕದೊಳಗೆ ಇಳಿದರೆ ಆಚೆ ದಡದಲ್ಲೇ ಏಳುತ್ತಿದ್ದಳು. ಲ್ಯಾಬಿನವನು ಹಳೆಯ ಪ್ರಶ್ನೆ ಪತ್ರಿಕೆ ತಂದು, ಗಡಿಯಾರ ಇಟ್ಟು ಬರೆಸಿ, ಹೋದ ವರ್ಷದ ಪಟ್ಟಿಗೆ ಹಿಡಿದು ನೋಡಿದ. ಮೂವತ್ತಾರನೆಯ ಸ್ಥಾನ.

‘ನೋಡು, ನೀನು ಪಾಸಾದ್ರೆ ನಂಗೆ ಚೀಟಿ ಬರೆಯೋರು ಯಾರು?’ ಎಂದು ಹಲ್ಲು ಕಿರಿದ.

ಪರೀಕ್ಷೆಗೆ ನಲವತ್ತು ದಿನ ಇತ್ತು. ಬೆಳಗಿನ ಪಾಳಿಯಲ್ಲಿದ್ದ ಹೆಂಗಸು ಹೆರಿಗೆಗೆ ಹೋದಳು. ಆಕೆಯ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುವ ಬದಲು ಮ್ಯಾನೇಜರ್ ಪಟ್ಟಿಯಲ್ಲಿ ಒಂದು ಗೆರೆ ಎಳೆದ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಚೀಟಿಯಕ್ಕನೇ. ಐದಕ್ಕೆ ಮನೆ ಬಿಡಬೇಕು. ಸಂಜೆ ಬಂದು ಪುಸ್ತಕ ಬಿಡಿಸಿದರೆ ಎರಡನೆಯ ಸಾಲಿಗೇ ತಲೆ ಪುಟದ ಮೇಲೆ ಬೀಳುತ್ತಿತ್ತು.

‘ತಲೆ ಎತ್ತಿದ್ರೆ ಗುಂಡಿ ಹಾಕ್ತೀನಿ. ಬಿದ್ದೇ ಹೋದ್ರೆ ಏನು ಹಾಕ್ಲೇ?’ ಎಂದಳು ಅಮ್ಮ. ನಗಲು ಇಬ್ಬರಿಗೂ ಆಗಲಿಲ್ಲ.

ಬಾಕಿ ರಜೆಗಳ ಪಟ್ಟಿ ಹಿಡಿದು ಅವಳು ಮ್ಯಾನೇಜರನ ಕೋಣೆಗೆ ಹೋದಳು. ತಾರೀಕು ಸಮೇತ ಬರೆದಿದ್ದಳು.

‘ಸರ್, ಇದು ನನ್ನದೇ ರಜೆ. ಪರೀಕ್ಷೆಗೆ ಮುಂಚೆ ಒಟ್ಟಿಗೆ ಕೊಡಿ.’

‘ಕೊಡ್ತೀನಮ್ಮ. ಭಾನುವಾರ ಎಲ್ಲಿಗೆ ಓಡಿಹೋಗುತ್ತೆ? ವಾರ ವಾರ ಬರುತ್ತೆ.’

‘ಪರೀಕ್ಷೆ ವಾರ ವಾರ ಬರಲ್ಲ ಸರ್. ಇದೇ ಕೊನೆ ಸಲ. ಬರವಣಿಗೆಯಲ್ಲಿ ಕೊಡ್ತಿದೀನಿ, ತಗೊಂಡಿದೀನಿ ಅಂತ ಸಹಿ ಹಾಕಿ.’

‘ಓಹೋ, ಬರವಣಿಗೆ! ಬರೆದು ಕೊಟ್ಟೋರಿಗೆ ನಾನೂ ಬರೆದೇ ಕೊಡ್ತೀನಿ. ನಾಳೆಯಿಂದ ಬರಬೇಡಿ ಅಂತ. ಬೇಕಾ?’

ಅಂಗಿಗಳ ರಾಶಿ, ಕೋಣೆಯ ಬಾಡಿಗೆ, ಅಮ್ಮನ ಊದಿದ ಕಾಲು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದು ನಿಂತವು. ಅವಳು ಪಟ್ಟಿಯನ್ನು ಮಡಚಿ ಹೊರಗೆ ಬಂದಳು. ಲ್ಯಾಬಿನವನು ‘ನಾವೆಲ್ಲ ಸೇರಿ ಕೇಳೋಣ’ ಎಂದು ಮೂರು ದಿನ ವಾರ್ಡಿನಿಂದ ವಾರ್ಡಿಗೆ ತಿರುಗಿದ. ಹೂಂ ಎಂದವರು ಹದಿನೇಳು ಮಂದಿ, ಹಾಳೆಗೆ ಸಹಿ ಹಾಕಿದವನು ಅವನೊಬ್ಬನೇ. ಒಂಟಿ ಸಹಿಯ ಹಾಳೆಯನ್ನು ಯಾವ ಮ್ಯಾನೇಜರ್ ಓದುತ್ತಾನೆ?

ವಿಧಿಯಿಲ್ಲದೆ ಡ್ರಾಯರಿನಲ್ಲಿ ಪುಸ್ತಕ ಮತ್ತೆ ಬಿಚ್ಚಿಕೊಂಡಿತು. ಹಳೆಯ ಚಾಳಿ ಮೂರೇ ವಾರದಲ್ಲಿ ವಾಪಸು ಬಂತು.

ಪರೀಕ್ಷೆಯ ಒಂದು ದಿನವನ್ನೇನೋ ಬಿಟ್ಟರು. ಅದನ್ನೂ ಗೈರುಹಾಜರಿ ಎಂದು ಬರೆದು ಸಂಬಳ ಕತ್ತರಿಸಿದರು. ಪರೀಕ್ಷೆಯ ಕೋಣೆಯಲ್ಲಿ ಮೊದಲ ಒಂದು ಗಂಟೆ ಹತ್ತು ನಿಮಿಷ ಅವಳು ಕಾಗದದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಒಮ್ಮೆ ಬಾಗಿಲ ಕಡೆ ನೋಡಿದಳು. ಯಾರೂ ಬಂದಿರಲಿಲ್ಲ. ಮತ್ತೆ ನೋಡಿದಳು. ಪ್ರತಿ ಸಲವೂ ಲೆಕ್ಕವನ್ನು ಮೊದಲಿನಿಂದ ಹಿಡಿಯಬೇಕಾಯಿತು. ಕೊನೆಯ ಗಂಟೆ ಬಾರಿಸಿದಾಗ ಒಂಬತ್ತು ಪ್ರಶ್ನೆ ಮುಟ್ಟಿರಲೇ ಇಲ್ಲ.

ಐವತ್ತೆಂಟನೆಯ ಸ್ಥಾನ.

ಅಮ್ಮ ಫಲಿತಾಂಶವನ್ನು ಎರಡು ಸಲ ಕೇಳಿಸಿಕೊಂಡಳು. ‘ಊಟ ಮಾಡು’ ಎಂದಳು. ಮಾರನೆಯ ಬೆಳಿಗ್ಗೆ ಐದಕ್ಕೇ ಮಿಷನ್ ತುಳಿಯತೊಡಗಿದಳು, ನಿಂತುಹೋದ ಕಾಲರುಗಳನ್ನು ತುಂಬಿಸಬೇಕಲ್ಲ. ಮ್ಯಾನೇಜರ್ ಕೌಂಟರಿನ ಬಳಿ ಬಂದು, ‘ಹೋಗ್ಲಿ ಬಿಡಮ್ಮ, ಇನ್ಮೇಲೆ ನಿಶ್ಚಿಂತೆಯಾಗಿ ಕೆಲಸದ ಮೇಲೆ ಗಮನ ಕೊಡ್ಬಹುದು’ ಎಂದ. ಸಮಾಧಾನ ಹೇಳಿದೆ ಎಂದೇ ಅವನು ತಿಳಿದುಕೊಂಡ. ಚೀಟಿಯಕ್ಕ ಸಾಲಿನಲ್ಲಿದ್ದವರ ಹೆಸರು ಕೇಳಿದಳು, ವಯಸ್ಸು ಕೇಳಿದಳು.

ಓದಿದವರೇ, ಛೆ ಪಾಪ ಎಂದು ಪುಟ ಮಗುಚಬೇಡಿ, ಆ ಪಾಪದಿಂದ ಅವಳಿಗೆ ಕಾಸಿನ ಪ್ರಯೋಜನವಿಲ್ಲ. ನಿಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ, ನಿಮ್ಮ ಅಡುಗೆಮನೆಯಲ್ಲಿ ದುಡಿಯುವವರಿಗೆ ನೀವು ಕೊಡದೆ ಉಳಿಸಿಕೊಂಡ ರಜೆ ಎಷ್ಟು? ಅವರು ಬಂದು ಬೇಡಲಿ ಎಂದು ಕಾಯಬೇಡಿ. ಈ ವಾರ ಕೊಟ್ಟು ಮುಗಿಸಿ. ನೀವು ಮಾಲೀಕರಲ್ಲವೇ? ಹಾಗಾದರೆ ನಿಮ್ಮ ಪಕ್ಕದಲ್ಲಿ ಕೆಲಸ ಮಾಡುವವಳು ರಜೆ ಕೇಳುವ ಹಾಳೆ ಹಿಡಿದು ಬಂದಾಗ ಹೂಂ ಎಂದು ತಲೆಯಾಡಿಸಿ ಜಾರಿಕೊಳ್ಳಬೇಡಿ. ಪೆನ್ನು ತೆಗೆಯಿರಿ, ಸಹಿ ಹಾಕಿ.