ಹಸಿರು ಗೋಡೆಗೆ ಹೆದರುವ ಉಲೂಸಿ

ಬೆಳಗಿನ ಐದು ಗಂಟೆ. ಕೊಲ್ಲಿಯ ನೀರು ಇನ್ನೂ ಸೀಸದ ಬಣ್ಣದಲ್ಲಿದೆ. ಉಲೂಸಿ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು, ಇಪ್ಪತ್ತೆರಡು ಅಡಿಯ ಅಲ್ಯುಮಿನಿಯಂ ದೋಣಿಗೆ ಒಂದೊಂದೇ ಸಾಮಾನು ಇಳಿಸುತ್ತಿದ್ದಾರೆ. ಎರಡು ಹಾರೆ, ಹದಿನಾಲ್ಕು ಉಕ್ಕಿನ ಬೆಣೆ, ದೊಡ್ಡ ಸುತ್ತಿಗೆ, ಲಾರಿಗೆ ಹಾಕುವಂಥ ಎರಡು ಜಾಕು, ಸರಪಳಿ, ಕರಡಿ ಬಂದರೆ ಇರಲಿ ಎಂದು ಬಂದೂಕು, ಫ್ಲಾಸ್ಕಿನಲ್ಲಿ ಚಹಾ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಒಣಮೀನು. ಎಲ್ಲ ಇಳಿಸಿದ ಮೇಲೆ ಮೊದಲಿನಿಂದ ಮತ್ತೆ ಎಣಿಸುತ್ತಾರೆ. ಸೆಪ್ಟೆಂಬರ್ ಮೊದಲ ವಾರ, ನಮಗೆ ಇದು ಚಳಿಯೇ ಅಲ್ಲ.

"ಭಯ ಆಗ್ತಾ ಇದೆ ಕಣೋ ತಮ್ಮ," ಎನ್ನುತ್ತಾರೆ ಪೇಪರಿಗೆ ಬರೆಯಲು ಜೊತೆಗೆ ಹೊರಟ ನನ್ನ ಕಡೆ ನೋಡದೆ. "ಬರ್ಕೋ. ಪ್ರತಿ ಸಲಾನೂ ಆಗುತ್ತೆ. ಹಿಂದಿನ ದಿನ ಮಧ್ಯಾಹ್ನದಿಂದಲೇ ಊಟ ಸೇರಲ್ಲ."

ಹಿಂದಿನಿಂದ ಕೂಪಾ ಪೆಟ್ರೋಲ್ ಡಬ್ಬ ಹೊತ್ತು ಬರುತ್ತಾಳೆ. "ಮಗಳೇ, ಟೋಪಿ ಕಿವಿ ಮೇಲೆ ಎಳ್ಕೋ. ಆಮೇಲೆ ಕಿವಿನೋವು ಅಂತ ನನ್ನ ತಲೆ ತಿನ್ಬೇಡ."

"ಆಯ್ತು ಅವ್ವ," ಎಂದು ಉಲೂಸಿ ಟೋಪಿ ಎಳೆದುಕೊಳ್ಳುತ್ತಾರೆ.

ಉಲೂಸಿಗೆ ಅರವತ್ತೆರಡು ವರ್ಷ. ಕೂಪಾಗೆ ಮೂವತ್ತೊಂದು; ಉಲೂಸಿಯ ತಮ್ಮನ ಮಗಳು. ಆದರೆ ಕೂಪಾ ಎಂಬುದು ಉಲೂಸಿಯ ತಾಯಿಯ ಹೆಸರು. ನಮ್ಮಲ್ಲಿ ತೀರಿಹೋದವರ ಹೆಸರು ಬಂದರೆ ಆಳೂ ಮರಳಿ ಬಂದಂತೆ. ಹಾಗಾಗಿ ಸೋದರಸೊಸೆ ಅವ್ವ, ಸೋದರತ್ತೆ ಮಗಳು. ಈ ಅವ್ವನ ಬಾಯಿ ಹಳೆಯ ಅವ್ವನಿಗಿಂತ ಜೋರು ಎಂದು ಊರಿನ ಹಿರಿಯರು ನಗುತ್ತಾರೆ.

ಉತ್ತರಧ್ರುವದ ಕಡೆಯ ಬಾಫಿನ್ ದ್ವೀಪದ ಈ ದಕ್ಷಿಣ ಕರಾವಳಿಯಲ್ಲಿ ಕಲ್ಲು ಕೆತ್ತುವವರಿಗೆ ಬರವಿಲ್ಲ. ನಮ್ಮ ಬೀದಿಯೊಂದರಲ್ಲೇ ಒಂಬತ್ತು ಜನ. ಕುಣಿಯುವ ಕರಡಿ ಕೆತ್ತುವವರ ಹೆಸರು ದಕ್ಷಿಣದ ಪಟ್ಟಣಗಳ ಗಾಜಿನ ಕಿಟಕಿಯ ಅಂಗಡಿಗಳವರೆಗೂ ಹೋಗಿದೆ. ಉಲೂಸಿಯ ಹೆಸರು ಹೋಗಿಲ್ಲ. ಅವರು ಕರಡಿ ಕೆತ್ತುವುದಿಲ್ಲ. ಅವರ ಕಲ್ಲಿನಲ್ಲಿ ಬರುವುದು ಕಿವಿಗೊಟ್ಟು ಕೂತ ಹೆಂಗಸರು, ಕತ್ತು ಹೊರಳಿಸಿ ಹಿಂದೆ ನೋಡುವ ಗಂಡಸರು, ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದ ತಾಯಂದಿರು. ಕೊಳ್ಳಲು ಬಂದ ಒಬ್ಬಾತ ಅವನ್ನೆಲ್ಲ ಸಾಲಾಗಿ ಇಟ್ಟು, ಇವರು ಧ್ಯಾನದಲ್ಲಿದ್ದಾರೆ ಅಂದನಂತೆ.

"ಧ್ಯಾನಾನೂ ಇಲ್ಲ, ಗೀನಾನೂ ಇಲ್ಲ," ಎನ್ನುತ್ತಾರೆ ಉಲೂಸಿ. "ಹೆದರಿದಾರೆ ಅಂದೆ. ಪಾಪ, ಅವನು ಪುಸ್ತಕದಲ್ಲಿ ಬೇರೇನೋ ಬರ್ಕೊಂಡ."

ಕಲ್ಲು ಸಿಗುವುದು ಹಸಿರು ಗೋಡೆಯಲ್ಲಿ. ಊರಿನಿಂದ ದೋಣಿಯಲ್ಲಿ ಮೂರೂವರೆ ಗಂಟೆ. ಒಂದು ಕಿರಿದಾದ ಕೊಲ್ಲಿಯ ತುದಿಯಲ್ಲಿ, ಮೂರು ಮನೆ ಎತ್ತರಕ್ಕೆ, ನೀರಿನ ಮೇಲೆ ಬಾಗಿ ನಿಂತ ಬಂಡೆ. ಒಳ್ಳೆಯ ಕಲ್ಲೆಲ್ಲ ಅದರ ಬುಡದಲ್ಲಿ. ಉಬ್ಬರದಲ್ಲಿ ಬುಡ ಮೂವತ್ತು ಅಡಿ ನೀರಿನೊಳಗಿರುತ್ತದೆ. ಇಳಿತದ ಹೊತ್ತಿಗೆ ಎರಡೂವರೆ ಗಂಟೆ ಮಾತ್ರ ಕಾಲಿಡಲು ನೆಲ ಸಿಗುತ್ತದೆ. ಆ ಎರಡೂವರೆ ಗಂಟೆಯಲ್ಲಿ ಕಲ್ಲು ಸೀಳಬೇಕು, ದೋಣಿಗೆ ಹೊರಬೇಕು, ಹೊರಡಬೇಕು. ತಲೆಯ ಮೇಲೆ ಗೋಡೆ. ನೂರಾರು ಚಳಿಗಾಲ ಹೆಪ್ಪುಗಟ್ಟಿ ಕರಗಿ ಬಿರುಕುಬಿಟ್ಟ ಗೋಡೆ.

ಏಳು ವರ್ಷದ ಹಿಂದೆ ಆ ಗೋಡೆಯಿಂದ ಒಂದು ಹಲಗೆಯಷ್ಟು ಬಂಡೆ ಜಾರಿ ಉಲೂಸಿಯ ಗಂಡ ಪಾಲೂಸಿಯ ತೊಡೆಯ ಮೇಲೆ ಬಿತ್ತು. ಅಲ್ಲಿ ಇದ್ದದ್ದು ಅವರಿಬ್ಬರೇ. ಬೆಟ್ಟ ಅಡ್ಡ ಇದ್ದುದರಿಂದ ವೈರ್‌ಲೆಸ್ ಊರಿಗೆ ಮುಟ್ಟಲಿಲ್ಲ. ನೀರು ಏರಲು ಶುರುವಾಗಿತ್ತು.

ದೋಣಿಯ ಎಂಜಿನ್ನಿನ ಸದ್ದಿನಲ್ಲಿ, ಮುಂದೆ ನೋಡುತ್ತಲೇ, ಉಲೂಸಿ ಅದನ್ನು ಹೇಳುತ್ತಾರೆ. "ಹಾರೆ ಬಾಗೋಯ್ತು. ಬಂಡೆ ಅಲ್ಲಾಡ್ಲಿಲ್ಲ. ನೀರು ಸೊಂಟಕ್ಕೆ ಬಂದಾಗ, ದೋಣಿಗೆ ಹೋಗು ಅಂದ. ಹೋಗ್ಲಿಲ್ಲ. ಎದೆಗೆ ಬಂದಾಗ ಬೈದ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ನನ್ನ ಬೈದಿದ್ದು ಅದೊಂದೇ ಸಲ." ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತಾರೆ. "ಹೋದೆ."

ಮುಂದಿನ ಎರಡು ವರ್ಷ ಅವರು ಉಳಿ ಮುಟ್ಟಲಿಲ್ಲ. ಆಮೇಲೆ ಅಕ್ಕಪಕ್ಕದವರು ತಂದ ಕಲ್ಲನ್ನು ಕೊಂಡು ಕೆತ್ತಬಹುದಿತ್ತು. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಉಲೂಸಿ ಒಂದೇ ಒಂದು ಕಲ್ಲು ಹಾಗೆ ತಂದರು, ಒಂದು ವಾರ ಅದರ ಮುಂದೆ ಕೂತರು, ವಾಪಸ್ ಕೊಟ್ಟರು.

"ನನಗೆ ಕಲ್ಲು ಬೇಕು ಅಂದ್ರೆ ಆ ಗೋಡೆ ಕೆಳಗೆ ಇನ್ಯಾರದೋ ಗಂಡ ನಿಂತಿರ್ಬೇಕು. ಅದನ್ನ ನೆನೆಸ್ಕೊಂಡ್ರೆ ಉಳಿ ಓಡ್ತಿರ್ಲಿಲ್ಲ. ನಾನೇ ಹೋಗೋದೇ ವಾಸಿ ಅನ್ನಿಸ್ತು."

ಹೋಗುವುದಕ್ಕೆ ಅವರು ಕಟ್ಟಳೆ ಮಾಡಿಕೊಂಡರು. ಮೂವರಿಗಿಂತ ಕಡಿಮೆ ಜನ ಹೋಗಬಾರದು. ಮೂವರಲ್ಲಿ ಒಬ್ಬರು ಕಲ್ಲು ಮುಟ್ಟಬಾರದು; ಅವರ ಕೆಲಸ ಗೋಡೆಯ ಕಡೆ ನೋಡುತ್ತ ನಿಲ್ಲುವುದು, ಅಷ್ಟೇ. ನೋಡುವವರು ಹೊರಡಿ ಅಂದರೆ ಮರುಮಾತಿಲ್ಲದೆ ಹೊರಡಬೇಕು. ಮೊದಮೊದಲು ಊರಿನ ಗಂಡಸರು ನಕ್ಕರು. ಕೆಲಸ ಮಾಡದೆ ಆಕಾಶ ನೋಡುವವರಿಗೂ ಪಾಲೇ ಎಂದು ಹಂಗಿಸಿದರು. ಈಗ ಹಸಿರು ಗೋಡೆಗೆ ಹೋಗುವ ಪ್ರತಿ ದೋಣಿಯಲ್ಲೂ ನೋಡುವವರೊಬ್ಬರು ಇರುತ್ತಾರೆ. ಅದನ್ನು ಶುರುಮಾಡಿದ್ದು ಯಾರು ಎಂದು ಯಾರೂ ಹೇಳುವುದಿಲ್ಲ.

ಈ ದಿನ ನೋಡುವ ಪಾಳಿ ನನ್ನದು.

ಗೋಡೆಯ ಬುಡಕ್ಕೆ ನಾವು ತಲುಪುವಾಗ ನೀರು ಹಿಂದೆ ಸರಿದಿದೆ. ಪಾಚಿ ಮೆತ್ತಿದ ಬಂಡೆಗಳಿಂದ ನೀರು ತೊಟ್ಟಿಕ್ಕುತ್ತಿದೆ. ಉಲೂಸಿ ಒಂದು ಕಡೆ ಕೈಯಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿ ಹಚ್ಚುತ್ತಾರೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಸದ್ದು ಬರುತ್ತದಂತೆ. ನಾಲ್ಕನೇ ಜಾಗದಲ್ಲಿ ತಲೆಯಾಡಿಸುತ್ತಾರೆ. ಇಬ್ಬರೂ ಬೆಣೆ ಹೊಡೆಯಲು ಶುರುಮಾಡುತ್ತಾರೆ. ನಾನು ನೀರಂಚಿನಲ್ಲಿ ಕತ್ತೆತ್ತಿ ನಿಲ್ಲುತ್ತೇನೆ. "ಕಣ್ಣು ಕೀಳ್ಬೇಡ," ಎಂದಷ್ಟೇ ಹೇಳಿದ್ದಾರೆ.

ಒಂದು ಗಂಟೆಯಲ್ಲಿ ಹನ್ನೊಂದು ಬೆಣೆ ಇಳಿದಿವೆ. ಕರುವಿನಷ್ಟು ದಪ್ಪದ ಕಡುಹಸಿರು ಕಲ್ಲು ಬುಡ ಬಿಡುವುದರಲ್ಲಿದೆ. ಆಗ ಮೇಲಿನಿಂದ ಒಂದು ಚೂರು ಬೀಳುತ್ತದೆ. ಕಡಲೆಕಾಳಿನಷ್ಟು. ಟಿಕ್ ಎಂದು ಸದ್ದು.

ಹೊರಡಿ ಎನ್ನಲು ಬಾಯಿ ತೆರೆದು, ಮುಚ್ಚಿಕೊಳ್ಳುತ್ತೇನೆ. ಹಕ್ಕಿ ಕೂತಿತ್ತೇನೋ, ಗಾಳಿಯೇನೋ. ಇಷ್ಟು ದೂರ ಬಂದು, ಇಷ್ಟು ಬೆಣೆ ಹೊಡೆದ ಮೇಲೆ, ಕಡಲೆಕಾಳಿಗೆ ಹೆದರಿ ಕೆಲಸ ನಿಲ್ಲಿಸಿದೆ ಎಂದರೆ ಊರಿನಲ್ಲಿ ಚಳಿಗಾಲವಿಡೀ ನನ್ನದೇ ಕತೆ. ಎರಡನೇ ಚೂರು ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮೂರನೆಯದು, ಜೊತೆಗೆ ಒಂದು ಹಿಡಿ ಪುಡಿ.

"ಹೊರಡಿ," ಎನ್ನುತ್ತೇನೆ. ನನ್ನ ದನಿ ನನಗೇ ಗುರುತು ಸಿಗುವುದಿಲ್ಲ.

ಉಲೂಸಿ ಹಾರೆಯನ್ನು ಇದ್ದಲ್ಲೇ ಬಿಟ್ಟು ಓಡುತ್ತಾರೆ. ಕೂಪಾ ಸುತ್ತಿಗೆ ಎತ್ತಿದವಳು ಹಾಗೇ ನಿಂತಿದ್ದಾಳೆ. "ಇನ್ನೊಂದೇ ಏಟು ಮಗಳೇ! ಬಂದೇಬಿಡ್ತು!"

"ಅವ್ವಾ!" ಉಲೂಸಿ ಕಿರುಚುತ್ತಾರೆ. ಅಂಥ ಕೂಗನ್ನು ನಾನು ಅವರಿಂದ ಕೇಳಿರಲಿಲ್ಲ. ಕಳೆದುಹೋದ ಮಗುವಿನ ಕೂಗಿನಂತಿತ್ತು. ಕೂಪಾ ಸುತ್ತಿಗೆ ಎಸೆದು ಬಂದಳು.

ದೋಣಿಯನ್ನು ಕೊಲ್ಲಿಯ ನಡುವೆ ನಿಲ್ಲಿಸಿ ಕಾಯುತ್ತೇವೆ. ಐದು ನಿಮಿಷ. ಅರ್ಧ ಗಂಟೆ. ಎರಡು ಗಂಟೆ. ಗೋಡೆ ಹಾಗೇ ನಿಂತಿದೆ. ನೀರು ಏರಿ ಬೆಣೆಗಳನ್ನು, ಹಾರೆಗಳನ್ನು, ಬಿಡಿಸಿಕೊಳ್ಳಲಿದ್ದ ಕಲ್ಲನ್ನು ಮುಚ್ಚುತ್ತದೆ. ಏನೂ ಬೀಳುವುದಿಲ್ಲ.

"ಹಕ್ಕಿ ಹಿಕ್ಕೆ ಹಾಕಿದ್ರೂ ಹೊರಡಿ ಅಂತಾರೇನೋ ಇವ್ರು," ಎಂದು ಕೂಪಾ ನನ್ನ ಮೇಲೆ ಉರಿದುಬೀಳುತ್ತಾಳೆ. "ಎರಡೂ ಹಾರೆ ಹೋಯ್ತು. ಪೇಪರಲ್ಲಿ ಅದನ್ನೂ ಹಾಕಿ."

ಉಲೂಸಿ ಚಹಾ ಬಗ್ಗಿಸಿ ಮೊದಲ ಲೋಟ ನನಗೇ ಕೊಡುತ್ತಾರೆ. "ಮೊದಲನೇ ಚೂರು ಬಿದ್ದಾಗ ಯಾಕೆ ಹೇಳ್ಲಿಲ್ಲ?"

ಅವರಿಗೂ ಕೇಳಿಸಿತ್ತು. ನೋಡುವವನು ಹೇಳುತ್ತಾನೋ ಇಲ್ಲವೋ ಎಂದು, ಬೆಣೆ ಹೊಡೆಯುತ್ತಲೇ ಒಂದು ಕಿವಿ ನನ್ನ ಕಡೆ ಇಟ್ಟಿದ್ದರು. ಇನ್ನೊಂದು ಉಸಿರಿನಷ್ಟು ಹೊತ್ತು ಕಾದು, ತಾವೇ ಹೊರಡುವವರಿದ್ದರಂತೆ. ನಗ್ತಾರೆ ಅಂತ ಸುಮ್ಮನಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಮಾತಿನಲ್ಲಿ ಭಯಕ್ಕೆ ಎರಡು ಹೆಸರಿವೆ. ಕರಡಿ, ತೆಳು ಮಂಜುಗಡ್ಡೆ, ಬೀಳುವ ಬಂಡೆಯ ಭಯಕ್ಕೆ ಕಪ್ಪಿಯಾ ಎನ್ನುತ್ತೇವೆ. ಇನ್ನೊಂದು ಇಲಿರಾ. ಅದು ಮನುಷ್ಯರ ಭಯ. ದೊಡ್ಡವರು ಏನಂದುಕೊಂಡಾರು, ಹೊರಗಿನಿಂದ ಬಂದ ಅಧಿಕಾರಿ ಗದರಿಯಾನು, ನಾಲ್ಕು ಜನ ನಕ್ಕಾರು ಎಂಬ ಭಯ.

"ಆವತ್ತೂ ಚೂರು ಬಿದ್ದಿತ್ತು," ಎನ್ನುತ್ತಾರೆ ಉಲೂಸಿ. "ಎರಡು. ನಾನು ನೋಡ್ದೆ. ಅವನು ದೊಡ್ಡ ಕೆಲಸಗಾರ, ನಗ್ತಾನೆ ಅಂತ ಬಾಯಿ ಮುಚ್ಕೊಂಡೆ. ಕಪ್ಪಿಯಾ ಬಂದಿತ್ತು ತಮ್ಮ. ಇಲಿರಾ ಅದನ್ನ ತಿಂದ್ಹಾಕ್ತು."

ಇದನ್ನು ಅವರು ಕೂಪಾಗೂ ಹೇಳಿರಲಿಲ್ಲ. ಎಂಜಿನ್ ಹಚ್ಚಲು ಹೋಗಿದ್ದ ಕೂಪಾ ಹಗ್ಗ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟಳು. ಉಲೂಸಿಗೆ ಕೆಮ್ಮು ಬಂತು. ಬಾಗಿ, ದೋಣಿಯ ಅಂಚು ಹಿಡಿದು, ಬಹಳ ಹೊತ್ತು ಕೆಮ್ಮಿದರು.

"ಗೋಡೆ ಒಂದು ಸಲ ಕೆಮ್ಮಿದ್ರೆ ಓಡ್ತೀಯ," ಅಂದಳು ಕೂಪಾ ಮೆಲ್ಲಗೆ. "ನೀನು ನಾಲ್ಕು ತಿಂಗಳಿಂದ ಕೆಮ್ತಾ ಇದೀಯ ಮಗಳೇ. ಆ ಕಾಗದ ಎಲ್ಲಿಟ್ಟಿದೀಯ?"

ಕಾಗದ ಊರಿನ ಆಸ್ಪತ್ರೆಯದು. ಎದೆಯ ಚಿತ್ರದಲ್ಲಿ ಏನೋ ಮಬ್ಬು ಕಂಡಿದೆ, ವಿಮಾನ ಹತ್ತಿ ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿ ಎಂದು ನರ್ಸ್ ಕೊಟ್ಟದ್ದು. ಉಲೂಸಿ ಅದನ್ನು ಕಲ್ಲು ಉಜ್ಜುವ ಉಪ್ಪುಕಾಗದದ ಕಟ್ಟಿನಡಿ ಇಟ್ಟು ಮರೆತಂತೆ ನಟಿಸುತ್ತಿದ್ದರು. ಮನೆ ಪಕ್ಕದ ಹಲಗೆ ಗೂಡಿನಲ್ಲಿ ದಿನಕ್ಕೆ ಆರು ಗಂಟೆ ಗ್ರೈಂಡರ್, ಆಮೇಲೆ ಎರಡು ಗಂಟೆ ಅರ, ಉಪ್ಪುಕಾಗದ. ನಲವತ್ತು ವರ್ಷ. ಮೂಗು ಬಾಯಿಗೆ ಮುಸುಕು ಹಾಕಿಕೊಳ್ಳಲು ಶುರುಮಾಡಿದ್ದು ಹತ್ತು ವರ್ಷದಿಂದ ಈಚೆಗೆ. ಸಂಜೆ ಹೊರಬರುವಾಗ ರೆಪ್ಪೆಗೂದಲವರೆಗೆ ಕಲ್ಲಿನ ಪುಡಿ ಮೆತ್ತಿ ಬೆಳ್ಳಗಿರುತ್ತಾರೆ.

ಆಸ್ಪತ್ರೆಗೆ ಹೋಗದಿರಲು ಕಾರಣ ಊರಿಗೆಲ್ಲ ಗೊತ್ತು. ಉಲೂಸಿಗೆ ನಾಲ್ಕು ವರ್ಷವಿದ್ದಾಗ ಕ್ಷಯ ಹುಡುಕಿಕೊಂಡು ಹಡಗು ಬಂತು. ಅವರ ತಾಯಿಯ ಎದೆಯ ಚಿತ್ರ ತೆಗೆದರು. ಮನೆಗೆ ಹೋಗಿ ಮಕ್ಕಳಿಗೆ ಹೇಳಿ ಬರುತ್ತೇನೆ ಎಂದು ಕೇಳುವುದಕ್ಕೂ ಅವರಿಗೆ ಇಲಿರಾ. ಅವರನ್ನು ಅಲ್ಲೇ ಇರಿಸಿಕೊಂಡು ಹಡಗು ಹೊರಟಿತು. ಆ ಕೂಪಾ ತಿರುಗಿ ಬರಲಿಲ್ಲ. ಎಲ್ಲಿ ಹೂಳಿದರು ಎಂದು ಇವತ್ತಿಗೂ ಗೊತ್ತಿಲ್ಲ.

ದೋಣಿಯಲ್ಲಿ ಉಲೂಸಿ ತಲೆ ತಗ್ಗಿಸಿಕೊಂಡೇ ಹೇಳಿದರು. "ಎದೆ ತೋರ್ಸೋಕೆ ಅಂತ ನೀನು ಹೋದೆ ಅವ್ವ. ಬರ್ಲಿಲ್ಲ."

"ಬಂದಿದೀನಲ್ಲ," ಅಂದಳು ಕೂಪಾ. "ಸ್ವಲ್ಪ ತಡ ಆಯ್ತು, ಅಷ್ಟೇ."

ಉಲೂಸಿ ಅವಳನ್ನೇ ನೋಡಿದರು. ನಕ್ಕರೋ ಅತ್ತರೋ ಹೇಳುವುದು ಕಷ್ಟ. ಹನ್ನೆರಡು ದಿನದ ಮೇಲೆ ಇಬ್ಬರೂ ಒಂದೇ ವಿಮಾನ ಹತ್ತಿದರು. ಮೆಟ್ಟಿಲ ಮೇಲೆ ಉಲೂಸಿಯ ಕಾಲು ಎರಡು ಸಲ ನಿಂತಿತಂತೆ. ಎರಡು ಸಲವೂ ಹಿಂದಿನಿಂದ ಅವ್ವ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದಳಂತೆ.

ಐದನೇ ದಿನ ವಾಪಸ್ ಬಂದರು. ಕ್ಷಯ ಅಲ್ಲ. ಶ್ವಾಸಕೋಶದೊಳಗೆ ಕಲ್ಲಿನ ಪುಡಿ ಕೂತಿದೆ. ಅದು ಹೋಗುವುದಿಲ್ಲ, ಹೆಚ್ಚದಂತೆ ನೋಡಿಕೊಳ್ಳಬೇಕು. ಒಣಗಲ್ಲು ಉಜ್ಜಬಾರದು, ನೀರು ಬಿಟ್ಟುಕೊಂಡೇ ಉಜ್ಜಬೇಕು, ಆರು ತಿಂಗಳಿಗೊಮ್ಮೆ ಬರಬೇಕು. ನಮ್ಮ ಚಳಿಯಲ್ಲಿ ನೀರು ಬಿಟ್ಟರೆ ಕಲ್ಲಿನ ಮೇಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಈ ಚಳಿಗಾಲ ಅವರು ಗ್ರೈಂಡರ್ ಬದಿಗಿಟ್ಟು, ಅಡುಗೆಮನೆಯಲ್ಲಿ ಬಾಣಲೆಯ ನೀರಿನೊಳಗೆ ಅರದಿಂದ ಸಣ್ಣ ಸಣ್ಣ ತಲೆಗಳನ್ನು ಮಾಡುತ್ತಿದ್ದಾರೆ. ಮೊದಲು ವಾರಕ್ಕೆ ಮೂರು ಮುಗಿಯುತ್ತಿದ್ದವು, ಈಗ ಒಂದು.

ಹಸಿರು ಗೋಡೆ ಇನ್ನೂ ನಿಂತಿದೆ. ಆಮೇಲೆ ಹೋದ ಎರಡು ದೋಣಿಯವರು ನಾವು ಬಿಟ್ಟುಬಂದ ಕಲ್ಲನ್ನು ಬಿಡಿಸಿ ತಂದರು, ಎರಡೂ ಹಾರೆ ಉಲೂಸಿಯ ಬಾಗಿಲಿಗೆ ಒರಗಿಸಿ ಹೋದರು. ಆ ಕಲ್ಲನ್ನು ಸುಮ್ಮನೆ ಬಿಟ್ಟು ಬಂದೆವಲ್ಲ ಎಂದು ಬೇಜಾರಾಗಲಿಲ್ಲವೇ ಎಂದು ಕೇಳಿದೆ.

ಉಲೂಸಿ ಕೈಯಲ್ಲಿದ್ದ ಕಲ್ಲಿನ ತಲೆಯನ್ನು ನೀರಿನಿಂದೆತ್ತಿ, ಅಂಗಿಯ ತೋಳಿನಲ್ಲಿ ಒರೆಸಿದರು.

"ಐದು ಬೇಸಿಗೆ, ಮೂವತ್ತೊಂದು ಸಲ ಹೋಗಿದೀನಿ. ಹನ್ನೆರಡು ಸಲ ಬರಿಗೈಲಿ ಬಂದಿದೀನಿ, ನಿನ್ನದೂ ಸೇರಿ. ಬರೆಯೋದಾದ್ರೆ ಇಷ್ಟು ಬರಿ ತಮ್ಮ. ನನ್ನ ಜೊತೆ ಬಂದವರನ್ನೆಲ್ಲ ಅವರವರ ಮನೆ ಬಾಗಿಲವರೆಗೂ ಕರ್ಕೊಂಡ್ಬಂದು ಬಿಟ್ಟಿದೀನಿ."