ಹೋಲಿಕೆಗೆ ಇಟ್ಟ ಬಾವಿ

ಏಲೂರಿನ ನಿರ್ಮಲಳಿಗೆ ಸಂಶೋಧಕರನ್ನು ಕಂಡರೆ ಆಗುವುದಿಲ್ಲ. ಹೆಗಲಿಗೆ ಬ್ಯಾಗು, ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಯಾರಾದರೂ ಗೇಟಿನ ಹತ್ತಿರ ನಿಂತು, ನಗುಮುಖ ಮಾಡಿ ಮಲಯಾಳದಲ್ಲಿ "ಚೇಚೀ", ಅಂದರೆ ಅಕ್ಕಾ, ಎಂದರೆ ಸಾಕು, ಅವಳ ಪಿತ್ತ ನೆತ್ತಿಗೇರುತ್ತದೆ. ಮೀನು ಮಾರುವವರನ್ನು, ದೇಣಿಗೆ ಕೇಳುವವರನ್ನು, ಕೊನೆಗೆ ಓಟು ಕೇಳುವವರನ್ನು ಕೂಡ ಅವಳು ಜಗಲಿಯಲ್ಲಿ ಕೂರಿಸಿ ನೀರು ಕೊಡುತ್ತಾಳೆ. ಪಿಎಚ್‌ಡಿಯವರಿಗೆ ಮಾತ್ರ ಗೇಟು ತೆಗೆಯುವುದಿಲ್ಲ. ಹಾಗೆಂದು ಅವಳೇನೂ ಹುಟ್ಟಾ ಸಿಡುಕಿಯಲ್ಲ. ಈ ಸಿಟ್ಟನ್ನು ಅವಳಿಗೆ ಕಲಿಸಿಕೊಟ್ಟವರಿದ್ದಾರೆ.

ನಿರ್ಮಲ ಕಾಸರಗೋಡಿನ ಬದಿಯಡ್ಕದವಳು. ಮದುವೆಯಾಗಿ ಗಂಡ ರಾಮದಾಸನ ಜತೆ ಆಲುವದ ಪಕ್ಕದ ಏಲೂರಿಗೆ ಬಂದಳು. ಅವನಿಗೆ ಅಲ್ಲಿನ ಒಂದು ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಕೆಲಸ. ಕೆಲವು ವರ್ಷ ಕ್ವಾರ್ಟರ್ಸಿನಲ್ಲಿದ್ದು, ಆಮೇಲೆ ದಿಬ್ಬದ ಮೇಲೆ ಚಿಕ್ಕ ಜಾಗ ತೆಗೆದುಕೊಂಡು ಮನೆ ಕಟ್ಟಿಸಿದರು. ಮನೆಯ ಹಿಂದೆ ಕೆಂಪುಕಲ್ಲು ಕಡಿದು ಬಾವಿ ತೋಡಿಸಿದರು. ಆ ಬಾವಿಯೆಂದರೆ ನಿರ್ಮಲಳಿಗೆ ಪ್ರಾಣ. ಪ್ರತಿ ಶುಕ್ರವಾರ ಅದರ ಕಟ್ಟೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಎಂಟೆಸಳಿನ ರಂಗೋಲಿ ಹಾಕುತ್ತಿದ್ದಳು. ಆ ಬೀದಿಯಲ್ಲಿ ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಒಬ್ಬಳೇ ಮಗಳು ಸಿಂಚನಾ ಆ ಬಾವಿಯ ನೀರು ಕುಡಿದೇ ಬೆಳೆದಳು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಪರಿಚಯವಾದ ಮೈಸೂರಿನ ಶ್ರೇಯಸ್‌ನನ್ನು ಮದುವೆಯಾದಳು.

ಕಾರ್ಖಾನೆ, ಹೊಳೆ, ಹೊಗೆ ಮೂರೂ ಒಟ್ಟಿಗಿರುವ ಊರಿನಲ್ಲಿ ಸಂಶೋಧಕರಿಗೆ ಬರವೇ? ಮೊದಲು ಭೂಗೋಳದವರು ಬಂದರು. ಮಳೆನೀರು ಎತ್ತ ಹರಿಯುತ್ತದೆ, ಹೊಳೆ ಎಷ್ಟು ದೂರ ಎಂದೆಲ್ಲ ಕೇಳಿ, ಅಂಗಳದಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿ, ಅವಳ ದಾಸವಾಳದ ಗಿಡ ಮುರಿದು ಹೋದರು. ಆಮೇಲೆ ಜೀವಶಾಸ್ತ್ರದವರು. ಅವರಿಗೆ ಬಾವಿಯ ಗೋಡೆಯ ಪಾಚಿ ಬೇಕು, ಅಂಗಳದ ಎರೆಹುಳ ಬೇಕು. ಸೊಳ್ಳೆಮರಿ ತಿನ್ನಲೆಂದು ಅವಳು ಬಾವಿಗೆ ಬಿಟ್ಟಿದ್ದ ಮೀನುಗಳನ್ನೂ ಬಲೆ ಹಾಕಿ ಹಿಡಿದುಕೊಂಡು ಹೋದರು. ಮುಂದಿನ ಮಳೆಗಾಲ ಮುಗಿಯುವ ತನಕ ಮನೆಯಲ್ಲಿ ಸೊಳ್ಳೆಯದೇ ರಾಜ್ಯ.

ಚರಿತ್ರೆಯವಳೊಬ್ಬಳು ಬಂದಳು, ಗ್ರೀಷ್ಮಾ ಎಂಬ ತೆಳ್ಳಗಿನ ಹುಡುಗಿ. ಹೊರಗಿನಿಂದ ಬಂದ ಕಾರ್ಮಿಕ ಕುಟುಂಬಗಳ ಬದುಕನ್ನು ದಾಖಲಿಸುತ್ತಾಳಂತೆ. ನಿರ್ಮಲಳ ಬಾಯಿಂದ ಹುಟ್ಟಿದೂರು, ಮದುವೆ, ಮೊದಲ ದಿನಗಳ ಅಳು ಎಲ್ಲವನ್ನೂ ಹೇಳಿಸಿ, ಮದುವೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡಳು. ಪುಸ್ತಕ ಅಚ್ಚಾಗಿ ಬಂದಾಗ ಫೋಟೋದ ಕೆಳಗೆ "ತಮಿಳು ದಂಪತಿ" ಎಂದಿತ್ತು. ರಾಮದಾಸ ಹೊಟ್ಟೆ ಹಿಡಿದುಕೊಂಡು ನಕ್ಕ. ನಿರ್ಮಲಳಿಗೆ ಮೈ ಉರಿದುಹೋಯಿತು. ಇಡೀ ಮಧ್ಯಾಹ್ನ ಕೂತು ಬದಿಯಡ್ಕ ಬದಿಯಡ್ಕ ಎಂದು ಹೇಳಿದ್ದು ಯಾರ ಕಿವಿಗೆ?

ಇಷ್ಟನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಳು. ಕೊನೆಗೆ ಬಂದವರು ವೈದ್ಯಕೀಯದವರು. ತಿರುವನಂತಪುರದ ಯಾವುದೋ ಸಂಸ್ಥೆಯವರು, ಬಾವಿಯ ನೀರನ್ನೂ ಮನೆಯವರ ರಕ್ತವನ್ನೂ ಪರೀಕ್ಷೆ ಮಾಡುವವರು. ಪಕ್ಕದ ಮನೆಯ ಫಾತಿಮಾ ಅವರಿಗೆ ಕಡ್ಡಿ ಮುರಿದಂತೆ ಹೇಳಿದಳು: ಫಲಿತಾಂಶ ತನ್ನ ಕೈಗೆ ಕೊಡುತ್ತೇವೆಂದು ಬರೆದುಕೊಡದಿದ್ದರೆ ಒಂದು ಹನಿ ರಕ್ತ ಇಲ್ಲ. ಅವರು ಬರೆದುಕೊಡಲಿಲ್ಲ, ಅವಳು ರಕ್ತ ಕೊಡಲಿಲ್ಲ. ಇಷ್ಟು ಒರಟಾಗಿ ಮಾತಾಡಬಾರದಿತ್ತು ಎಂದುಕೊಳ್ಳುತ್ತಲೇ ನಿರ್ಮಲ ತನ್ನ ಗೇಟು ತೆಗೆದಳು. ತಂಡದ ಮುಖ್ಯಸ್ಥರು ಅವಳ ರಂಗೋಲಿ ನೋಡಿದರು, ರಾಮದಾಸನ ಜತೆ ಅವಳಾಡುತ್ತಿದ್ದ ಮಾತು ಕೇಳಿದರು, ಮುಖ ಅರಳಿಸಿದರು.

"ಅಯ್ಯೋ, ನೀವು ಕನ್ನಡದವ್ರಾ! ಈ ಕಡೆ ಕನ್ನಡ ಕೇಳಿ ಎಷ್ಟು ಕಾಲ ಆಯ್ತಮ್ಮ!"

ಅವರ ಹೆಸರು ಡಾಕ್ಟರ್ ಉಮಾಮಹೇಶ್ವರ, ಮೈಸೂರು ಕಡೆಯವರು. ಅಷ್ಟು ಸಾಕಾಯಿತು. ಪರನಾಡಿನಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಕರಗಿ ನೀರಾಗುವ ಜಾತಿ ನಮ್ಮದು. ನಿರ್ಮಲ ನೀರುದೋಸೆ ಎರೆದಳು, ಚಟ್ನಿ ರುಬ್ಬಿದಳು. ಅವರು ಚಪ್ಪರಿಸಿಕೊಂಡು ತಿಂದರು. ತೋರಿಸಿದಲ್ಲಿ ಅವಳು ಸಹಿ ಹಾಕಿದಳು, ತೋಳು ಚಾಚಿ ರಕ್ತ ಕೊಟ್ಟಳು.

"ರಿಪೋರ್ಟ್ ಯಾವಾಗ ಸಿಗ್ತದೆ ಸರ್?"

"ಬಂದ ತಕ್ಷಣ ನಾನೇ ಫೋನ್ ಮಾಡ್ತೀನಿ. ನಮ್ಮವ್ರಿಗೆ ಹೇಳದೆ ಇರ್ತೀನಾ?"

ಫೋನು ಬರಲಿಲ್ಲ. ಬಂದದ್ದು ಅವರ ತಂಡವೇ, ಇನ್ನೊಮ್ಮೆ. ಆ ಬೀದಿಯಲ್ಲಿ ಬೇರೆ ಯಾರ ಮನೆಗೂ ಹೋಗದೆ ನೆಟ್ಟಗೆ ಇವಳ ಮನೆಗೇ ಬಂದು ಮತ್ತೆ ನೀರು, ಮತ್ತೆ ರಕ್ತ ತೆಗೆದುಕೊಂಡರು. ಉಮಾಮಹೇಶ್ವರ ಬಂದಿರಲಿಲ್ಲ. ಜತೆಯಲ್ಲಿದ್ದ ಹುಡುಗಿ ಮನೆಯಲ್ಲಿ ಯಾರಿಗಾದರೂ ಗರ್ಭ ಇಳಿದುಹೋದದ್ದುಂಟೇ, ಹುಟ್ಟಿದ ಮಕ್ಕಳಲ್ಲಿ ಊನವುಂಟೇ ಎಂದು ಮುಖ ನೋಡದೆ ಕೇಳುತ್ತ ಹೋದಳು. ನಮ್ಮ ಮನೆಗೇ ಮತ್ತೆ ಯಾಕೆ ಬಂದದ್ದು ಎಂದು ಕೇಳಿದರೆ, "ಕನ್ಫರ್ಮ್ ಮಾಡಲಿಕ್ಕೆ" ಎಂದಷ್ಟೇ ಹೇಳಿದಳು.

ಏನನ್ನು ಕನ್ಫರ್ಮ್ ಮಾಡುವುದು? ಸರಿ ಇದ್ದದ್ದನ್ನು ಯಾರಾದರೂ ಎರಡೆರಡು ಸಲ ನೋಡುತ್ತಾರೆಯೇ? ನಿರ್ಮಲ ಉಮಾಮಹೇಶ್ವರರಿಗೆ ಫೋನ್ ಮಾಡಿದರೆ ಮೊದಮೊದಲು "ಬರುತ್ತೆ ಬರುತ್ತೆ" ಎಂದರು, ಆಮೇಲೆ ಎತ್ತುವುದನ್ನೇ ಬಿಟ್ಟರು. ಆಫೀಸಿನವರು, ಲೇಖನ ಪ್ರಕಟವಾಗುವವರೆಗೆ ಏನನ್ನೂ ಹೇಳುವ ಹಾಗಿಲ್ಲ ಎಂದರು. ರಾಮದಾಸ ಬೇರೆ ಕಡೆ ನೀರು ಕೊಟ್ಟು ನೋಡಿಸಿದ. ಅಲ್ಲಿ ಉಪ್ಪು, ಕೀಟಾಣು ನೋಡಿ ಕುಡಿಯಬಹುದು ಎಂದರು. ಅವಳು ಹೆದರಿದ್ದು ಉಪ್ಪಿಗಲ್ಲ. ಮತ್ತೆ ರಕ್ತದೊಳಗೆ ಸೇರಿಕೊಂಡದ್ದೇನೆಂದು ಹೇಳುವವರು ಯಾರು? ಕೊನೆಗೆ ಅವಳ ಕಾಟ ತಡೆಯಲಾರದೆ ರಾಮದಾಸ ಬಾವಿಗೆ ಕಬ್ಬಿಣದ ತಗಡು ಮುಚ್ಚಿ ಬೋಲ್ಟು ಬಿಗಿದ. ಬಾವಿಗೆ ಬೇರು ಇಳಿಸಿದ್ದ ಹಿತ್ತಿಲ ನುಗ್ಗೆಮರದ ಸೊಪ್ಪಿಗೂ ವಿಷ ಏರಿರಬಹುದೆಂದು ನಿರ್ಮಲ ಅದನ್ನೂ ಕಡಿಸಿದಳು.

ಇಂಥ ಹೊತ್ತಿನಲ್ಲೇ ಸಿಂಚನಾ ಬಸುರಿಯಾದಳು. ಚೊಚ್ಚಲ ಹೆರಿಗೆ, ತವರಿಗೇ ಬರಬೇಕು. ಸೀಮಂತ ಮುಗಿಸಿ ಏಲೂರಿಗೆ ಬರುತ್ತೇನೆ, ನಿನ್ನ ಕೈಯ ಮೆಂತ್ಯದ ಗಂಜಿ ಬೇಕು ಎಂದು ಅವಳು ಕುಣಿಯುತ್ತಿದ್ದಳು. ನಿರ್ಮಲ ನಿಜ ಹೇಳುವುದು ಹೇಗೆ? ನೀನು ಹುಟ್ಟಿದಾಗಿನಿಂದ ಕುಡಿದ ನೀರಿನಲ್ಲಿ ವಿಷ ಇರಬಹುದು, ನಿನ್ನ ರಕ್ತದಲ್ಲೂ ಇರಬಹುದು ಎಂದು ಹೊಟ್ಟೆಯಲ್ಲಿ ಕೂಸಿರುವ ಹುಡುಗಿಗೆ ಯಾವ ತಾಯಿ ಹೇಳುತ್ತಾಳೆ? ಬಾಯಿಗೆ ಬಂದ ಸುಳ್ಳು ಹೇಳಿದಳು.

"ನನ್ನ ಗಂಟುನೋವು ಜೋರಾಗಿದೆ ಮಗಾ. ಬಾಣಂತನ ನನ್ನಿಂದಾಗ್ಲಿಕ್ಕಿಲ್ಲ. ನೀನು ಮೈಸೂರಿಗೇ ಹೋಗು, ಆಯ್ತಾ?"

 ಸಿಟ್ಟು ಬಂದರೆ ಸಿಂಚನಾಳ ನಾಲಿಗೆ ಮಲಯಾಳಕ್ಕೆ ಹೊರಳುತ್ತದೆ. "ವೇಂಡ ಅಮ್ಮೇ. ಞಾನ್ ಪೊಯ್ಕೊಳ್ಳಾಂ" ಎಂದಳು. ಬೇಡ, ನಾನು ಹೋಗುತ್ತೇನೆ ಎಂದಷ್ಟೇ ಅದರ ಅರ್ಥ. ಆಮೇಲೆ ಅಮ್ಮನ ಜತೆ ಕನ್ನಡದಲ್ಲಿ ಮಾತಾಡುವುದನ್ನೇ ನಿಲ್ಲಿಸಿದಳು. ಅವಳ ಅತ್ತೆ ಸುಮಿತ್ರ ಮಾತ್ರ ಫೋನ್ ಮಾಡಿ, "ಮೊದಲ್ನೇ ಹೆರಿಗೆ ತವರಲ್ಲಾಗೋದು ಪದ್ಧತಿ. ಇರ್ಲಿ ಬಿಡಿ ಬೀಗಿತ್ತಿ, ನಿಮಗೆ ಕಷ್ಟ ಅಂದ್ರೆ ನಾವೇ ಮಾಡ್ಕೋತೀವಿ" ಎಂದು ನಯವಾಗಿ ತಿವಿದರು. ಮೈಸೂರಿನಲ್ಲಿ ಹೆಣ್ಣುಮಗು ಹುಟ್ಟಿತು. ಇಂಚರಾ ಎಂದು ಹೆಸರಿಟ್ಟರು. ನಿರ್ಮಲ ನಾಮಕರಣಕ್ಕೆ ನೆಂಟಳ ಹಾಗೆ ಹೋಗಿ, ನೆಂಟಳ ಹಾಗೆ ಬಂದಳು. ಸಿಂಚನಾ ಕೂಸನ್ನು ಏಲೂರಿಗೆ ಕರೆತರಲೇ ಇಲ್ಲ.

ಹೀಗಿರುವಾಗ ಗ್ರೀಷ್ಮಾಳ ಫೋನು ಬಂತು. ತಿರುವನಂತಪುರದಲ್ಲಿ ದೊಡ್ಡ ವಿಚಾರಸಂಕಿರಣವಂತೆ. ಏಲೂರಿನ ಮೇಲೆ ಭೂಗೋಳ, ಜೀವಶಾಸ್ತ್ರ, ಚರಿತ್ರೆ, ವೈದ್ಯಕೀಯ ಎಲ್ಲರ ಸಂಶೋಧನೆಯೂ ಒಂದೇ ಕಡೆ. ಊರಿನ ಪರವಾಗಿ ಚೇಚಿ ಬಂದು ವೇದಿಕೆಯಲ್ಲಿ ಕೂತರೆ ಸಾಕು, ನೆನಪಿನ ಕಾಣಿಕೆ ಕೊಡುತ್ತಾರೆ. ನಿರ್ಮಲ ಒಂದೇ ಮಾತು ಕೇಳಿದಳು, ಆ ಡಾಕ್ಟರು ಬರುತ್ತಾರೆಯೇ ಎಂದು. ಬರುತ್ತಾರೆ ಎಂದದ್ದೇ ತಡ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಆಲುವದಿಂದ ಬೆಳಗಿನ ರೈಲು ಹತ್ತಿದಳು.

ಸಭಾಂಗಣದ ಹೊರಗೆ ಉದ್ದಕ್ಕೂ ಪೋಸ್ಟರುಗಳು. ಒಂದರಲ್ಲಿ ಅವಳ ದಿಬ್ಬ ಬಣ್ಣಬಣ್ಣದ ನಕ್ಷೆಯಾಗಿತ್ತು. ಇನ್ನೊಂದರಲ್ಲಿ ಅವಳ ಬಾವಿಯ ಮೀನು, ಪಾಪ, ಗಾಜಿನ ಶೀಸೆಯೊಳಗೆ ಕಣ್ಣು ಬಿಟ್ಟುಕೊಂಡಿತ್ತು. ಆಚೆ "ತಮಿಳು ದಂಪತಿ" ನಗುತ್ತಿದ್ದರು. ಕೊನೆಯ ಪೋಸ್ಟರಿನ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಒಂದು ಬಾವಿಯ ಫೋಟೋ, ಹೆಸರಿಲ್ಲ, ವಿಳಾಸವಿಲ್ಲ. ಗುರುತು ಸಿಗಬಾರದೆಂದು ಮನೆಯ ಭಾಗವನ್ನು ಮಸುಕು ಮಾಡಿದ್ದರು. ಆದರೆ ಕಟ್ಟೆಯ ಮೇಲೆ ಎಂಟೆಸಳಿನ ರಂಗೋಲಿ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಅಂಕಿಗಳು, ಪಕ್ಕದಲ್ಲಿ "ಕಂಟ್ರೋಲ್" ಎಂಬ ಪದ.

"ಓಹೋ, ನಿರ್ಮಲಮ್ಮ! ಬನ್ನಿ ಬನ್ನಿ" ಎನ್ನುತ್ತ ಉಮಾಮಹೇಶ್ವರ ಟೀ ಹಿಡಿದುಕೊಂಡು ಬಂದರು. ಒಂದು ಚೂರೂ ಅಳುಕಿಲ್ಲ.

"ಸರ್, ಇದು ನಮ್ಮ ಬಾವಿ. ಇಲ್ಲಿ ಕಂಟ್ರೋಲ್ ಅಂತ ಬರ್ದದ್ದು ಎಂತ?"

"ಅದಾ? ಕೆಟ್ಟಿರೋ ನೀರನ್ನ ಅಳೀಬೇಕಾದ್ರೆ ಪಕ್ಕದಲ್ಲಿ ಒಂದು ಒಳ್ಳೇ ನೀರು ಬೇಕಲ್ವಾ, ಹೋಲಿಸೋಕೆ? ದಿಬ್ಬದ ಮೇಲಿರೋ ನಿಮ್ಮ ಬಾವೀನೇ ನಮಗೆ ಅಳತೆಗೋಲು. ಅದಕ್ಕೇ ಎರಡು ಸಲ ನೋಡಿದ್ದು. ಅಷ್ಟು ಶುದ್ಧ! ನಿಮ್ಮ ರಕ್ತಾನೂ ಅಷ್ಟೇ. ಕಂಗ್ರಾಜುಲೇಶನ್ಸ್ ಅಮ್ಮ."



"ಮತ್ತೆ ನನಗೆ ಹೇಳ್ಲಿಲ್ಲ ಯಾಕೆ?"

"ಏನೂ ತೊಂದ್ರೆ ಇರ್ಲಿಲ್ವಲ್ಲಮ್ಮ, ಹೇಳೋಕೆ ಏನಿತ್ತು? ತೊಂದ್ರೆ ಇದ್ದಿದ್ರೆ ಖಂಡಿತ ಹೇಳ್ತಿದ್ವಿ."

ಆಗ ಬಂತು ನೋಡಿ ಸಿಟ್ಟು. ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು. "ಹೇಳ್ಲಿಕ್ಕೆ ಏನಿತ್ತಾ? ನಿಮ್ಗೆ ನಾಚಿಕೆ ಆಗುದಿಲ್ವಾ ಮಾರಾಯ್ರೆ? ಒಂದು ಫೋನು! ನಮ್ಮ ಮನೆಯ ದೋಸೆ ತಿಂದು ಹೋದ ಬಾಯಲ್ಲಿ 'ಸರಿ ಉಂಟು' ಅಂತ ಒಂದು ಮಾತು ಬರ್ಲಿಲ್ವಾ? ನಾನು ಬಾವಿ ಮುಚ್ಚಿದೆ. ಹೊಟ್ಟೆಯಲ್ಲಿ ಕೂಸು ಇದ್ದ ಮಗಳನ್ನು ಬರ್ಬೇಡ ಅಂದೆ. ಅವಳು ಇವತ್ತಿಗೂ ನನ್ನ ಹತ್ರ ಸರಿಯಾಗಿ ಮಾತಾಡುದಿಲ್ಲ, ಗೊತ್ತುಂಟಾ ನಿಮ್ಗೆ?"

 ಗ್ರೀಷ್ಮಾ ಓಡಿ ಬಂದಳು. ಸಮಾಧಾನ ಮಾಡುವುದಕ್ಕೆ ಎಂದುಕೊಂಡರೆ ಅಲ್ಲ. ಈ ಅನುಭವವನ್ನು ರೆಕಾರ್ಡ್ ಮಾಡಿಕೊಳ್ಳಲೇ ಚೇಚೀ, ತುಂಬಾ ಮುಖ್ಯವಾದದ್ದು ಎಂದು ಮೊಬೈಲು ಮುಂದೆ ಹಿಡಿದಳು. ನಿರ್ಮಲ ಆ ಕೈಯನ್ನು ಆಚೆ ತಳ್ಳಿ, ತನ್ನ ಮೊಬೈಲಿನಿಂದ ಸಿಂಚನಾಳಿಗೆ ಫೋನ್ ಮಾಡಿದಳು. ಅಲ್ಲೇ ನಿಂತು, ಅಷ್ಟು ಜನರ ಎದುರೇ, ಇಷ್ಟು ದಿನ ಬಚ್ಚಿಟ್ಟದ್ದೆಲ್ಲವನ್ನೂ ಹೇಳಿದಳು. ಗಂಟುನೋವು ಸುಳ್ಳು ಎಂದೂ ಹೇಳಿದಳು. ಆಚೆ ಕಡೆ ಕೂಸು ಕಿರುಚುವುದು ಕೇಳುತ್ತಿತ್ತು. ಅದರ ನಡುವೆ ಸಿಂಚನಾಳ ದನಿ ಬಂತು, ಕನ್ನಡದಲ್ಲಿ.

"ನಾನು ನಿನಗೆ ಭಾರ ಆದೆ ಅಂತ ತಿಳ್ಕೊಂಡಿದ್ದೆ ಅಮ್ಮಾ." ಆಮೇಲೆ, "ಅವರಿಗೆ ಕೊಡು ಫೋನ್."

ಅವಳು ಅವರಿಗೆ ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. ಉಮಾಮಹೇಶ್ವರ ಮಾತ್ರ "ಹೌದಮ್ಮ... ನಿಮ್ಮ ಹೆರಿಗೆಗೆ ಮುಂಚೇನೇ ಗೊತ್ತಿತ್ತು... ತಪ್ಪಾಯ್ತು" ಎಂದರು. ಫೋನು ವಾಪಸು ಕೊಡುವಾಗ ಅವರ ಮುಖ ನೆಲ ನೋಡುತ್ತಿತ್ತು.

"ನಾಳೆನೇ ರಿಪೋರ್ಟ್ ಕಳಿಸ್ತೀನಿ ನಿರ್ಮಲಮ್ಮ."

"ಕಳಿಸಿ. ಚೊಚ್ಚಲ ಬಾಣಂತನ ಒಂದೇ ಸಲ ಬರುದು ಸರ್. ಅದನ್ನು ಎಲ್ಲಿಂದ ತಂದು ಕಳಿಸ್ತೀರಿ?"

ನಿರ್ಮಲ ಪೋಸ್ಟರಿನ ಪಿನ್ನುಗಳನ್ನು ಕಿತ್ತು, ತನ್ನ ಬಾವಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ನೆನಪಿನ ಕಾಣಿಕೆ ಅಲ್ಲೇ ಉಳಿಯಿತು.

ಮರುದಿನ ರಾಮದಾಸ ಬೋಲ್ಟು ಬಿಚ್ಚಿ ತಗಡು ತೆಗೆದ. ಬಾವಿಯನ್ನು ತೊಳೆಸಿ, ಹೊಸ ನೀರು ತುಂಬಿದ ಮೇಲೆ ಸಿಂಚನಾ ಕೂಸನ್ನು ಎತ್ತಿಕೊಂಡು ಬಂದಳು. ನಿರ್ಮಲ ಹಂಡೆಯಲ್ಲಿ ಬಾವಿಯ ನೀರು ಕಾಯಿಸಿದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೇಲೆತ್ತಿ ಎರಡೂ ಕಾಲು ನೀಡಿ, ಎಣ್ಣೆ ಹಚ್ಚಿದ ಇಂಚರಾಳನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡಳು. ಬಾಣಂತಿಯ ಕೂಸನ್ನು ಹಾಗೆಯೇ ಅಲ್ಲವೇ ಮೀಯಿಸುವುದು? ಆದರೆ ಇಂಚರಾ ಮಲಗಲಿಲ್ಲ. ಹೊರಳಿ ಎದ್ದು ಕೂತಳು, ಚೆಂಬಿಗೆ ಕೈ ಹಾಕಿ ಎಳೆದಳು, ಅಜ್ಜಿಯ ಮುಖ ನೋಡಿ ಹೊಸ ಹಲ್ಲು ತೋರಿಸಿ ನಕ್ಕಳು. ಕಾಲ ಮೇಲೆ ಮಲಗುವ ಪ್ರಾಯ ದಾಟಿಹೋಗಿತ್ತು. ನಿರ್ಮಲ ಎರಡನೆಯ ಸಲ ಮಲಗಿಸಲು ನೋಡಿದಳು, ಆಗಲಿಲ್ಲ. ಕೂರಿಸಿಯೇ ನೀರು ಹೊಯ್ದಳು. ಹೊಯ್ಯುತ್ತ ಹೊಯ್ಯುತ್ತ ಅವಳಿಗೆ ಅಳು ಬಂತು, ಅಳುವಿನ ಜತೆಗೆ ಸಿಟ್ಟೂ ಬಂತು.

ಅಷ್ಟು ಹೊತ್ತಿಗೆ ಗೇಟಿನ ಬಳಿ ಯಾರೋ ಹೊಸಬರು "ಚೇಚೀ" ಎಂದು ಕೂಗಿದರು. ನಿರ್ಮಲ ಏಳಲು ಹೊರಟಳು. ಟವೆಲು ಹಿಡಿದು ನಿಂತಿದ್ದ ಸಿಂಚನಾ ಅವಳ ಭುಜ ಒತ್ತಿ ಕೂರಿಸಿ, ತಾನೇ ಹೊರಗೆ ಹೋದಳು. ಬಚ್ಚಲಿನ ತನಕ ಅವಳ ದನಿ ಕೇಳಿಸಿತು. ಮಲಯಾಳದಲ್ಲೇ ಕೇಳುತ್ತಿದ್ದಳು, ಹೋದ ಸಲ ಇಲ್ಲಿಂದ ಒಯ್ದದ್ದರ ಫಲಿತಾಂಶ ತಂದಿದ್ದೀರಾ, ಇಲ್ಲದಿದ್ದರೆ ಗೇಟು ಮುಟ್ಟಬೇಡಿ ಎಂದು.