ಅರ್ಧ ಗಡ್ಡದ ಮೇಷ್ಟ್ರು

ಕ್ಷೌರದಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಹೆಂಡತಿ ಇದ್ದಕ್ಕಿದ್ದಂತೆ ತೀರಿಕೊಂಡ ಮೇಲೆ ರೇಡಿಯೊ ಕೆಟ್ಟು ಕೂತಿತು. ಅವನು ಅಳಲಿಲ್ಲ, ಕುಡಿಯಲಿಲ್ಲ. ಸಮಾಧಾನ ಹೇಳಲು ಬಂದವರಿಗೂ "ತಲೆ ಬಗ್ಗಿಸಿ" ಎಂದಷ್ಟೇ ಹೇಳಿ, ಕೂದಲು ಕತ್ತರಿಸಿ ಕಳಿಸಿದ. ಅನ್ನಕ್ಕೆ ರುಚಿಯಿಲ್ಲ, ನಿದ್ದೆಗೆ ಕನಸಿಲ್ಲ. ಎದೆಯೊಳಗೆ ಏನೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರು ಗಡ್ಡಕ್ಕೆ ಬಂದರು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಅವರಿಗೆ ಕೆಮ್ಮು ಬಂದು ಕತ್ತಿ ತಗುಲಿತು. ಸಾಸಿವೆ ಕಾಳಿನಷ್ಟು ಗಾಯ. ಪಟಿಕದ ಕಲ್ಲು ತಿಕ್ಕಿದರೂ ರಕ್ತ ನಿಲ್ಲಲಿಲ್ಲ. ಒತ್ತಿ ಹಿಡಿದ ಹತ್ತಿ ತೊಯ್ದು ಹೋಯಿತು. ಮೇಷ್ಟ್ರು ಆಗ ಬಾಯಿಬಿಟ್ಟರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ, ಮತ್ತೆ ಕಟ್ಟದಿರಲೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರಂತೆ. ಹಲ್ಲುಜ್ಜಿದರೆ ರಕ್ತ, ಮಂಚದ ಅಂಚು ತಾಗಿದರೆ ಮೈಯೆಲ್ಲ ನೀಲಿ, ಸಾಕಾಗಿ ಹೋಗಿದೆಯಂತೆ. ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಕೂದಲ ಬುಟ್ಟಿಗೆ ಎಸೆದರು.

"ಕಾಲು ಈಗ ಚೆನ್ನಾಗಿದೆ. ಇವತ್ತಿಂದ ಇದರ ಸಹವಾಸ ಬೇಡ."

ರೇಡಿಯೊ ಅವರ ಕೆನ್ನೆಯ ಮೇಲಿನ ಕೈ ತೆಗೆಯದೆಯೇ ಬಗ್ಗಿ ಅದನ್ನು ಎತ್ತಿಕೊಂಡ. ಅಂಟಿದ ಕೂದಲನ್ನು ಊದಿದ. ಅವನ ಮನೆಯ ಕನ್ನಡಿಯ ಹಿಂದೆ ಹೆಂಡತಿ ಸಿಕ್ಕಿಸಿಟ್ಟು ಹೋಗಿದ್ದು, ಇನ್ನೂ ಅಲ್ಲೇ ಇದ್ದುದೂ ಇದೇ ಮಾತ್ರೆ.

"ನಮ್ಮನೆಯವಳೂ ಬಿಟ್ಲು ಮೇಷ್ಟ್ರೇ," ಅಂದ. "ವಸಡಲ್ಲಿ ರಕ್ತ ಬರುತ್ತೆ ಅಂತ ಬಿಟ್ಲು. ನನಗೆ ಹೇಳಿದ್ರೆ ಬೀದಿಗೆಲ್ಲ ಸಾರ್ತೀನಿ ಅಂತ ಹೇಳಲೇ ಇಲ್ಲ. ಹೆಪ್ಪು ಶ್ವಾಸಕೋಶಕ್ಕೆ ಹೋಗಿತ್ತು ಅಂತ ಆಮೇಲೆ ಡಾಕ್ಟರು ಹೇಳಿದ್ರು. ರಕ್ತ ಬಂದ್ರೆ ಹೋಗಿ ಅವರನ್ನೇ ಕೇಳಿ. ನೀವಾಗೇ ಬಿಡಬೇಡಿ."

ಮೇಷ್ಟ್ರು ಸ್ಟ್ರಿಪ್ ಈಸಿಕೊಂಡು ಜೇಬಿಗೆ ಹಾಕಿಕೊಂಡರು. ಇಬ್ಬರೂ ಹಾಗೇ ಕಾದರು, ಕೊನೆಗೆ ರಕ್ತ ನಿಂತಿತು.

ಇನ್ನೊಂದು ಕೆನ್ನೆಯ ನೊರೆ ಒಣಗಿತ್ತು. ರೇಡಿಯೊ ಹೊಸದಾಗಿ ನೊರೆ ಹಚ್ಚಿ ಕತ್ತಿ ಎತ್ತಿದ. ಕೈ ಮುಂದೆ ಹೋಗಲಿಲ್ಲ. ಹೆಂಡತಿಯ ಹೆಣ ಎತ್ತಿದ ದಿನವೂ ಹಿಂಜರಿಯದ ಕೈ ಅದು. ಕತ್ತಿಯನ್ನು ಕೆಳಗಿಟ್ಟು, ಇವತ್ತು ಆಗೋದಿಲ್ಲ ಅಂದ.

ಮೇಷ್ಟ್ರು ಕೊರಳಿನ ಬಟ್ಟೆ ಬಿಚ್ಚಿ ಎದ್ದರು. ನೊರೆಯ ಕೆನ್ನೆಯಲ್ಲೇ ಅವನ ಭುಜ ಹಿಡಿದರು.

"ಕೂತ್ಕೋಪ್ಪ."

ಅಷ್ಟು ವರ್ಷ ಊರಿನವರನ್ನೆಲ್ಲ ಕೂರಿಸಿದ ಆ ಕುರ್ಚಿಯಲ್ಲಿ ಕೂತು ರೇಡಿಯೊ ಅತ್ತ.